ಅತ್ತಿಗೆ ಜೋಡಿಸಿದ ಕರೆಗಳು

ನಮ್ಮ ಅತ್ತಿಗೆ ಫೋನಿನಲ್ಲಿ ಮಾತಾಡುವಾಗ ಕೂರುವುದಿಲ್ಲ. ಮೂವತ್ತು ವರ್ಷ ದೂರವಾಣಿ ಕೇಂದ್ರದಲ್ಲಿ ಕುಳಿತೇ ಪರರ ಕರೆಗಳನ್ನು ಜೋಡಿಸಿದ್ದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ, ಬೂದುಬಣ್ಣದ ಸ್ವೆಟರಿನ ತೋಳುಗಳನ್ನು ಮೊಣಕೈವರೆಗೆ ಸರಿಸಿ, ಅಡುಗೆಮನೆಯಿಂದ ಬೀದಿಬಾಗಿಲವರೆಗೆ ದಾಪುಗಾಲಿಡುತ್ತಾರೆ. ಎದುರಿನವರಿಗೆ ಬೇಕಾದದ್ದು ದೊರೆಯುವ ಮುನ್ನ ಕರೆ ಕತ್ತರಿಸುವುದು ಅವರ ಪಾಲಿಗೆ ಅಧರ್ಮ. “ಸಿಕ್ತಾ?” ಎಂದು ಕನಿಷ್ಠ ಮೂರು ಸಲ ಕೇಳುತ್ತಾರೆ. ತಪ್ಪಿ ಕರೆಮಾಡಿದ ಅಪರಿಚಿತನೊಬ್ಬನಿಗೆ ಸರಿಯಾದ ನಂಬರನ್ನು ಹುಡುಕಿಕೊಟ್ಟೇ ಬಿಟ್ಟ ಮಹಾತಾಯಿ ಅವರು.

ಅಣ್ಣನ ಮೂತ್ರಪಿಂಡ ಕೈಕೊಟ್ಟು ವಾರಕ್ಕೆ ಮೂರು ದಿನ ಡಯಾಲಿಸಿಸ್ ಶುರುವಾದಾಗ, ಎಷ್ಟು ನೀರು ಕುಡಿಯಬೇಕು, ಸೂಜಿ ಚುಚ್ಚಿದ ಜಾಗ ಕೆಂಪಾದರೆ ಏನು ಮಾಡಬೇಕು ಎಂದು ತಾವು ಕಲಿತದ್ದನ್ನೆಲ್ಲ ಅತ್ತಿಗೆ ಬರೆಯತೊಡಗಿದರು. ಅಣ್ಣ ತೀರಿಹೋದ ಮೇಲೂ ನಿಲ್ಲಿಸಲಿಲ್ಲ. ಬೇರೆ ರೋಗಿಗಳ ಮನೆಯವರೂ ಬರೆದು ಕಳಿಸಿದರು. ಅದನ್ನೆಲ್ಲ ದೊಡ್ಡ ಕಂಪನಿಯೊಂದರ ಜಾಲತಾಣದೊಳಗೆ ಪುಟವಾಗಿಸಿದವನು ನಾನು. ಹನ್ನೊಂದು ವರ್ಷಗಳಲ್ಲಿ ಒಂಬತ್ತು ಸಾವಿರ ಓದುಗರು ಸೇರಿದರು, ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ದಿನ ಕಂಪನಿ ನಿಯಮ ಬದಲಿಸಿತು: ತನ್ನಲ್ಲಿ ಖಾತೆಯಿದ್ದವರಿಗಷ್ಟೇ ಓದುವ ಅವಕಾಶ. ಅದೇ ವಾರ, ಹಿಂದೆಂದೋ ಅತ್ತಿಗೆಯ ನಂಬರು ಬರೆದುಕೊಂಡಿದ್ದ ಹೆಣ್ಣುಮಗಳೊಬ್ಬಳ ಕರೆ ಬಂತು. “ಅಮ್ಮಾ, ಅಪ್ಪನಿಗೆ ಡಯಾಲಿಸಿಸ್ ಸೂಜಿ ಚುಚ್ಚಿದ ತೋಳು ಊದಿದೆ. ಪಕ್ಕದ ಮನೆಯವರ ಫೋನಲ್ಲಿ ನೋಡ್ತಿದೀನಿ, ಖಾತೆ ಬೇಕು ಅಂತಿದೆ, ನಿಮ್ಮ ಪುಟ ತೆರೀತಾನೇ ಇಲ್ಲ.” ತಕ್ಷಣ ಆಸ್ಪತ್ರೆಗೆ ಹೋಗಿ ಎಂದ ಅತ್ತಿಗೆ, ಅವರು ಆಟೋ ಹತ್ತುವ ತನಕ ಫೋನಿಡಲಿಲ್ಲ. ಆಮೇಲೆ ನನ್ನತ್ತ ತಿರುಗಿದರು.

“ನಾವು ಅಲ್ಲಿಂದ ಹೊರಗೆ ಬರೋಣ ಕಣಪ್ಪಾ.”

“ಅತ್ತಿಗೆ, ಒಂಬತ್ತು ಸಾವಿರ ಜನ ಅಲ್ಲೇ ಉಳಿದುಬಿಡ್ತಾರೆ.”

“ಅವರ ವಿಳಾಸ ಕೊಡು, ತಿಳಿಸೋಣ.”

ವಿಳಾಸ ನನ್ನಲ್ಲಿರಲಿಲ್ಲ. ಆ ಪಟ್ಟಿ ತನ್ನದೆಂದು, ಬೇರೆ ತಾಣದ ವಿಳಾಸವನ್ನು ಪುಟದಲ್ಲಿ ಹಾಕುವಂತಿಲ್ಲವೆಂದು ಕಂಪನಿ ಹೇಳಿಬಿಟ್ಟಿತು. ಅಷ್ಟು ವರ್ಷ ಅಂಕಿ ನೋಡಿ ಬೀಗಿದವನು ಒಬ್ಬರನ್ನೂ ‘ನೀವು ಎಲ್ಲಿ ಸಿಗುತ್ತೀರಿ’ ಎಂದು ಕೇಳಿರಲಿಲ್ಲ; ಈಗಲೂ ನೆನೆದರೆ ನಾಚಿಕೆಯಾಗುತ್ತದೆ. ಉಳಿದದ್ದು ಅತ್ತಿಗೆಯ ನೋಟುಪುಸ್ತಕ, ಅದರಲ್ಲಿ ತಮಗೆ ಕರೆಮಾಡಿದವರ ಮುನ್ನೂರ ನಲವತ್ತು ನಂಬರು. ಯಾರು ಬೇಕಾದರೂ ಓದಬಹುದಾದ, ನಕಲು ಮಾಡಿ ಹಂಚಬಹುದಾದ ಸ್ವಂತ ತಾಣವೊಂದನ್ನು ನಾನು ಗೊಣಗುತ್ತಲೇ ಕಟ್ಟಿದೆ. ಅವರು ದಿನಕ್ಕೆ ಇಪ್ಪತ್ತು ಮನೆಗಳಂತೆ ಕರೆಮಾಡಿ, ಆಚೆಯವರು ಹೊಸ ಪುಟ ತೆರೆದು ಮೊದಲ ಸಾಲನ್ನು ಗಟ್ಟಿಯಾಗಿ ಓದುವ ತನಕ ಕಾದರು.

“ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ,” ಎಂದು ನಾನು ಅಣಕಿಸಿದೆ.

“ಆನೆಗೆ ಯಾರು ಬಡಿಸ್ತಿದಾರೆ? ನಾನು ಮನೆಮನೆಗೆ ಬಡಿಸ್ತಿದೀನಿ,” ಎಂದು ಮುಂದಿನ ನಂಬರು ಒತ್ತಿದರು.

ವರ್ಷ ಕಳೆದರೂ ಓದುಗರು ಆರುನೂರು ದಾಟಿಲ್ಲ. ಆದರೆ ಎರಡು ಆಸ್ಪತ್ರೆಗಳ ಗೋಡೆಯ ಮೇಲೆ ಆ ತಾಣದ ವಿಳಾಸವನ್ನು ಯಾರೋ ಅಂಟಿಸಿದ್ದಾರೆ.

ಇಂಥವರ ಹಠವನ್ನು ಲೋಕ ಹಳೆಗಾಲದ ಗೀಳು ಎನ್ನುತ್ತದೆ, ನಾನೂ ಅಂದವನೇ. ಜನ ನೆರೆದಲ್ಲಿ ಅಂಗಡಿ ಹಾಕುವುದು ಜಾಣರ ಲಕ್ಷಣ. ಒಬ್ಬರು ಹೊರಗುಳಿದಿದ್ದಾರೆಂದು ತಿಳಿದ ಕ್ಷಣ ತುಂಬಿದ ಸಭೆಯನ್ನು ಬಿಟ್ಟು ಎದ್ದು ಬರುವವರು ಎಲ್ಲ ಕಾಲದಲ್ಲೂ ಬೆರಳೆಣಿಕೆಯಷ್ಟೇ, ಮತ್ತು ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದ ದಿನ ಜಾಣರಾದ ನಾವೆಲ್ಲ ಹುಡುಕಿಕೊಂಡು ಹೋಗುವುದು ಅವರನ್ನೇ.