ಬೆಕ್ಕಿನ ನೆಗೆತ

ಬೆಕ್ಕು ಮತ್ತೆ ಗೋಡೆಗೆ ಮೂತಿ ಜಜ್ಜಿಕೊಂಡು ಬುಡದ ಚರಂಡಿಗೆ ಬಿತ್ತು. ಕಂಪ್ಯೂಟರಿನ ಮುಂದೆ ಕೂತು ಆಡುತ್ತಿದ್ದವಳು ಅತ್ತಿಗೆ. ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ಕೂತವಳು ಆ ಆಟವನ್ನು ಮಾಡಿದ ನಾದಿನಿ. ಬೇರೆಯವರು ಆಡುವಾಗ ಮಾಡಿದವರು ತುಟಿ ಬಿಚ್ಚಬಾರದು ಎಂಬುದು ಈ ಕಸುಬಿನ ಕಟ್ಟಳೆ. ದರಿದ್ರ ಕಟ್ಟಳೆ.

"ಏನೇ ಇದು, ಹಾರ್ತಾನೇ ಇಲ್ವಲ್ಲ ನಿನ್ನ ಬೆಕ್ಕು?" ಎಂದಳು ಅತ್ತಿಗೆ. "ಒತ್ತಿದ್ರೆ ಯೋಚ್ನೆ ಮಾಡ್ಕೊಂಡು ನಿಧಾನಕ್ಕೆ ಏಳುತ್ತೆ. ಥೇಟ್ ನಿಮ್ಮಣ್ಣ."

ನಾಳೆ ಬೆಳಿಗ್ಗೆ ಆಟ ತಯಾರಿಸುವ ಕಂಪನಿಯವರು ಇದನ್ನು ಆಡಿ ನೋಡುವವರಿದ್ದರು. ಹಿಡಿಸಿದರೆ ನಾದಿನಿಗೆ ಕೆಲಸ. ಇಲ್ಲದಿದ್ದರೆ, ಬಿಟ್ಟು ಬಂದ ವಿಮಾ ಕಚೇರಿಗೇ ಹಲ್ಲು ಗಿಂಜಿಕೊಂಡು ಹೋಗಬೇಕು. ವರ್ಷಗಟ್ಟಲೆ ಪಾಠದ ವೀಡಿಯೋ ನೋಡಿ, ಕೋಡ್ ಬರೆದು, ಅಳಿಸಿ, ಮತ್ತೆ ಬರೆದು ಕಲಿತದ್ದು ಈ ಚರಂಡಿಗಾ? ಆ ಬೆಕ್ಕಿನ ಬಾಲ, ಅದರ ಮಿಯಾಂವ್, ಆ ಹಾಳು ಗುಲಾಬಿ ಮೂಗು, ಯಾವುದೂ ಅವಳಿಗೆ ಬೇಡವಾಯಿತು.

"ಬಿಡಿ ಅತ್ತಿಗೆ, ನಾನ್ ತೋರಿಸ್ತೀನಿ," ಎಂದು ಕೊನೆಗೂ ತಡೆಯಲಾರದೆ ಕೀಬೋರ್ಡ್ ಎಳೆದುಕೊಂಡಳು. ಬೆಕ್ಕು ಸಲೀಸಾಗಿ ಗೋಡೆ ದಾಟಿತು.

"ಗೋಡೆ ಇನ್ನೂ ದೂರ ಇದ್ದಾಗ್ಲೇ ಒತ್ತಿಬಿಟ್ಯಲ್ಲ."

"ಇಲ್ವಲ್ಲ."

"ಒತ್ತಿದೆ ಕಣೇ. ಇನ್ನೊಂದ್ಸಲ ಮಾಡು, ನೋಡೋಣ."

ಈ ಸಲ ಅವಳು ತನ್ನ ಬೆರಳನ್ನೇ ನೋಡುತ್ತ ಆಡಿದಳು. ಹೌದು, ಒತ್ತಿದ್ದಳು. ನೆಗೆಯುವ ಮುನ್ನ ಬೆಕ್ಕು ಮೈ ಕುಗ್ಗಿಸಿ ಸಿದ್ಧವಾಗುವ ಚಿತ್ರಗಳನ್ನು ಅಕ್ಕರೆಯಿಂದ ಬರೆದು ಸೇರಿಸಿದ್ದಳಲ್ಲ, ಅವೆಲ್ಲ ಮುಗಿಯುವತನಕ ನೆಗೆತವೇ ಶುರುವಾಗುತ್ತಿರಲಿಲ್ಲ. ಯಾರ ಕೈಗೂ ಕೊಡದೆ ತಾನೊಬ್ಬಳೇ ಆಡಿ ಆಡಿ, ಬೆರಳು ಆ ತಪ್ಪಿಗೆ ಒಗ್ಗಿಹೋಗಿತ್ತು. ಥೂ, ತನ್ನ ಕೈಯ ಮೇಲೇ ಅವಳಿಗೆ ಅಸಹ್ಯವಾಯಿತು.

ಮಧ್ಯಾಹ್ನವಿಡೀ ಕೂತು ಆ ಚಿತ್ರಗಳನ್ನು ಒಂದೊಂದಾಗಿ ಕಿತ್ತು ಹಾಕಿದಳು. ಸಂಜೆ ಅತ್ತಿಗೆ ಮತ್ತೆ ಆಡಲು ಕೂತಳು. ಒತ್ತಿದ ಕೂಡಲೇ ಬೆಕ್ಕು ಎದ್ದಿತು. ಗೋಡೆ ದಾಟಿತು, ಅದರಾಚೆಯ ಛಾವಣಿಯನ್ನೂ ದಾಟಿತು.

"ಈಗ ನೋಡು, ಹೇಳಿದ ಮಾತು ಕೇಳುತ್ತೆ," ಎಂದು ಅತ್ತಿಗೆ ಕುರ್ಚಿ ಬಿಟ್ಟುಕೊಟ್ಟಳು.

ನಾದಿನಿ ಕೂತು ಗುಂಡಿ ಒತ್ತಿದಳು. ಬೆಕ್ಕು ಗೋಡೆ ಬರುವ ಮೊದಲೇ ಹಾರಿ, ಈಚೆಗೇ ಇಳಿದು ಚರಂಡಿಗೆ ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು.

"ತಾಳು, ಗೋಡೆ ಹತ್ರ ಬರ್ಲಿ," ಎನ್ನುತ್ತ ಅತ್ತಿಗೆ ಬಗ್ಗಿ, ಅವಳ ಬೆರಳನ್ನು ಗುಂಡಿಯಿಂದ ಎತ್ತಿ ಹಿಡಿದುಕೊಂಡಳು. ಪರದೆಯ ಮೇಲೆ ಬೆಕ್ಕು ಗೋಡೆಯತ್ತ ಓಡುತ್ತಿತ್ತು.