ಗೇರ್ ಹಾಕಿದರೆ ಸೊರಗುವ ಇಂಜಿನ್

ಚಂದು ಸತ್ತ ಐದನೆಯ ದಿನ ಬೆಳಿಗ್ಗೆ ಸದಾನಂದ ಮತ್ತೆ ಆ ದೋಣಿಗೆ ಇಳಿದ. ಅದು ನುಂಗಂಬಾಕ್ಕಂನ ಬದರಿನಾಥರ ಹಾಯಿದೋಣಿ. ಗಾಳಿ ನಿಂತಾಗ ಇರಲೆಂದು ಅದರ ಹೊಟ್ಟೆಯಲ್ಲಿ ಒಂದು ಸಣ್ಣ ಡೀಸೆಲ್ ಇಂಜಿನ್ ಕೂರಿಸಿದ್ದರು. ಮದರಾಸು ಬಂದರಿನಲ್ಲಿ ದೋಣಿ ನಡೆಸುತ್ತಿದ್ದವನು ಚಂದು. ಇಂಜಿನ್ನಿನ ರಿಪೇರಿ ಸದಾನಂದನದು. ಇಬ್ಬರೂ ಗಂಗೊಳ್ಳಿಯವರು. ಎಂಟು ವರ್ಷದ ಹಿಂದೆ, ೧೯೫೩ರಲ್ಲಿ, ಚಂದುವನ್ನು ಊರಿನಿಂದ ಕರೆತಂದವನೂ ಸದಾನಂದನೇ.

ಕಳೆದ ತಿಂಗಳಲ್ಲಿ ಚಂದು ಮೂರು ಸಲ ಬಂದು ಹೇಳಿದ್ದ: "ನಿಂತಲ್ಲಿ ಲಾಯ್ಕ್ ಓಡತ್ತ್ ಮಾರಾಯಾ. ಗೇರ್ ಹಾಕ್ರೆ ಉಸ್ರ್ ಕಟ್ಟಿದಂಗ್ ಆತ್ತ್. ಕಪ್ಪು ಹೊಗೆ ಬೇರೆ."

ಸದಾನಂದ ಫಿಲ್ಟರ್ ಬದಲಾಯಿಸಿದ್ದ. ಗೇರ್ ಹಾಕದೆಯೇ ಇಂಜಿನ್ ಓಡಿಸಿ, ಸದ್ದು ಕೇಳಿ, "ಸರಿ ಇತ್ತಲ, ನೀನೇ ಥ್ರಾಟಲ್ ಜಾಸ್ತಿ ಎಳೀತೆ" ಅಂದಿದ್ದ. ಅವತ್ತು ಬೇರೆ ಎರಡು ದೋಣಿಗಳ ಕೆಲಸ ಕಾದಿತ್ತು.

ಭಾನುವಾರ ಸಂಜೆ ಬದರಿನಾಥರನ್ನು ಕರೆದುಕೊಂಡು ಬಂದರಿಗೆ ಮರಳುವಾಗ ಗಾಳಿ ನಿಂತುಹೋಯಿತು. ಅಲೆ ದೋಣಿಯನ್ನು ತಡೆಗೋಡೆಯ ಬಂಡೆಗಳತ್ತ ತಳ್ಳಿತು. ಗೇರ್ ಹಾಕಿದರೂ ಇಂಜಿನ್ ಎಳೆಯಲಿಲ್ಲ. ಚಂದು ಬಿದಿರುಗಳುವನ್ನು ಬಂಡೆಗೆ ಒತ್ತಿ ದೋಣಿಯನ್ನು ದೂರ ತಳ್ಳಲು ಹೋಗಿ ಜಾರಿದ. ಬಂಡೆಗೂ ದೋಣಿಗೂ ನಡುವೆ ಸಿಕ್ಕಿಕೊಂಡ. ಆಮೇಲೆ ಮೀನುಗಾರರು ಹಗ್ಗ ಎಸೆದು ದೋಣಿಯನ್ನು ಎಳೆದು ತಂದರು. ಬದರಿನಾಥರಿಗೆ ಏನೂ ಆಗಿರಲಿಲ್ಲ.

ಸದಾನಂದ ಈ ಸಲ ದೋಣಿಯನ್ನು ದಪ್ಪ ಹಗ್ಗದಿಂದ ಕಟ್ಟೆಯ ಕಂಬಕ್ಕೆ ಬಿಗಿದು ಗೇರ್ ಹಾಕಿದ. ಇಂಜಿನ್ ಕೂಡಲೇ ಸೊರಗಿತು. ಹಗ್ಗ ಸಡಿಲವಾಗಿಯೇ ತೂಗಾಡಿತು. ಹಿಂದೆ ಕಪ್ಪು ಹೊಗೆ. ಚಂದು ಹೇಳಿದ್ದು ಅಕ್ಷರಶಃ ಅದನ್ನೇ.

ಡೀಸೆಲ್ಲಿನಲ್ಲಿ ನೀರಿರಲಿಲ್ಲ. ಫಿಲ್ಟರ್ ಶುದ್ಧವಾಗಿತ್ತು. ನೀರಿಗಿಳಿದು ಪ್ರೊಪೆಲ್ಲರ್ ತಡವಿದ. ನಾಲ್ಕೈದು ಚಿಪ್ಪುಗಳು ಸಿಕ್ಕವು, ಅಷ್ಟೆ. ಕೊನೆಗೆ ಹೊಗೆ ಹೋಗುವ ಕೊಳವೆಯ ಬಾಗಿದ ತುಂಡನ್ನು ಬಿಚ್ಚಿದ. ಒಳಗೆಲ್ಲ ಮಸಿ ಕಲ್ಲಿನಂತೆ ಗಟ್ಟಿಯಾಗಿತ್ತು. ಉಳಿದ ತೂತಿನಲ್ಲಿ ಅವನ ಕಿರುಬೆರಳೂ ಹೋಗಲಿಲ್ಲ. ಇಂಜಿನ್ನಿಗೆ ಉಸಿರು ಬಿಡಲು ಜಾಗವೇ ಇರಲಿಲ್ಲ.

ಉಳಿಯಿಂದ ಕೆರೆದು, ಮತ್ತೆ ಜೋಡಿಸಿ, ಗೇರ್ ಹಾಕಿದ. ಹಗ್ಗ ಬಿಗಿದು ಕಂಬ ಕಿರುಗುಟ್ಟಿತು. ಇಂಜಿನ್ ಬಂದ್ ಮಾಡಿ ಅಲ್ಲೇ ಕುಕ್ಕರುಗಾಲಲ್ಲಿ ಕುಳಿತ.

ಬದರಿನಾಥರು ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ನೋಡಿದ್ದರು. ಕಣ್ಣು ಬಾತಿತ್ತು, ಅವರೂ ಐದು ದಿನದಿಂದ ನಿದ್ದೆ ಮಾಡಿದಂತಿರಲಿಲ್ಲ. "ಎನ್‌ಕ್ವಯರಿಯವರು ಕೇಳ್ತಾರೆ. ಇಂಜಿನ್ ಸರಿಯಾಗಿತ್ತು ಅಂತ ಬರ್ಕೊಡು ಪಾ. ಹೋದವನು ಹೋದ. ನಿನಗೂ ತೊಂದರೆ ಇಲ್ಲೆ, ನನಗೂ ಇಲ್ಲೆ."

"ಚಂದು ಮೇಲೆ ಬತ್ತಲ ಸರ್ ತಪ್ಪು."

"ಅವನಿಗೆ ಇನ್ನೇನು ಆಗಬೇಕು?"

ಸದಾನಂದ ಕೆರೆದ ಮಸಿಯನ್ನು ಕಾಗದದಲ್ಲಿ ಕಟ್ಟಿಕೊಂಡು ಹೋದ. ಮರುದಿನ ವಿಚಾರಣೆಯಲ್ಲಿ ಅದನ್ನು ಮೇಜಿನ ಮೇಲಿಟ್ಟು, ಚಂದು ಮೂರು ಸಲ ಹೇಳಿದ್ದನ್ನೂ ತಾನು ನೋಡದೆ ಬಿಟ್ಟಿದ್ದನ್ನೂ ಹೇಳಿದ. ಗುಮಾಸ್ತ ಬರೆದುಕೊಂಡ. ಬಂದರಿನ ಅಂಗಳದಲ್ಲಿ ಕೆಲಸ ಮಾಡುವ ಸದಾನಂದನ ಪರವಾನಗಿ ವಾರದೊಳಗೆ ರದ್ದಾಯಿತು.

ಚಂದುವಿನ ಹೆಂಡತಿ ರತ್ನಾವತಿ ತಮ್ಮೂರಿನವರ ಹೋಟೆಲೊಂದರ ಅಡುಗೆಮನೆಯಲ್ಲಿ ಹಿಟ್ಟು ರುಬ್ಬುತ್ತಿದ್ದಳು. ಸದಾನಂದ ಹಿಂಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದ. ಅವಳು ರುಬ್ಬುವುದನ್ನು ನಿಲ್ಲಿಸಲಿಲ್ಲ.

"ಆ ಮಸಿ ತೆಗುಕೆ ಎಷ್ಟ್ ಹೊತ್ತ್ ಬೇಕಾಯ್ತ್ ನಿಮ್ಗೆ?" ಕೇಳಿದಳು.

"ಅರ್ಧ ಗಂಟೆ."

ರುಬ್ಬುಗುಂಡು ಆಗ ನಿಂತಿತು. ಅವಳು ಹಿಟ್ಟಿನ ಕೈಯನ್ನು ಹಾಗೆಯೇ ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕುಳಿತಳು. ಒಳಗಿನಿಂದ ಯಾರೋ ದೋಸೆಹಿಟ್ಟು ಕೇಳಿದರು. "ಇನ್ನ್ ಇಲ್ಲಿಗ್ ಬರ್ಬೇಡಿ" ಎಂದು ಮೆಲ್ಲಗೆ ಹೇಳಿ, ಮತ್ತೆ ರುಬ್ಬಲು ತೊಡಗಿದಳು.

ಸದಾನಂದ ಪಲ್ಲಾವರಂನ ಲಾರಿ ಶೆಡ್ಡೊಂದರಲ್ಲಿ ಕೆಲಸಕ್ಕೆ ಸೇರಿದ. ಅವಳು ಹೇಳಿದಂತೆ ಆ ಹೋಟೆಲಿನತ್ತ ಮತ್ತೆ ಹೋಗಲಿಲ್ಲ.