ಕುದಿಯಬಾರದ ಸೂಪು

ನಾನು ಒಂದು ಎರಕದ ಕಬ್ಬಿಣದ ಪಾತ್ರೆ. ಇಂಗ್ಲೆಂಡಿನ ಯಾವುದೋ ಕಾರ್ಖಾನೆಯಲ್ಲಿ, ಧಗಧಗ ಉರಿಯಲ್ಲಿ ಹುಟ್ಟಿದೆ. ಅದಕ್ಕೇ ಏನೋ, ಸುಮ್ಮನೆ ಕೂರುವುದು ನನ್ನ ಜಾಯಮಾನದಲ್ಲೇ ಇಲ್ಲ. ಒಲೆ ಹತ್ತಿತೋ, ಕುದಿಯಬೇಕು!

ಗಣಿಯ ಎಂಜಿನಿಯರ್ ದೊರೆಯ ದೊರೆಸಾನಿ ನನ್ನನ್ನು ಹಡಗಿನಲ್ಲಿ ಕೋಲಾರದ ಚಿನ್ನದ ಗಣಿಗೆ ತಂದಳು. ತನ್ನ ದೇಶಕ್ಕೆ ಮರಳುವಾಗ ಭಾರವೆಂದು ಬಿಟ್ಟುಹೋದಳು. ಭಾರವಂತೆ! ಬರುವಾಗ ಇರಲಿಲ್ಲವೇ ಆ ಭಾರ? ಹಾಗೆ ನಾನು ಶಾಲೆಯ ಟೀಚರ್ ಮೇವಿಸ್ ಮಿಸ್ಸಮ್ಮನ ಪಾಲಾದೆ. ಕ್ರಿಸ್‌ಮಸ್ ಬಂದರೆ ಅವರು ತಮ್ಮಮ್ಮ ಕಲಿಸಿದ ಸೂಪು ಮಾಡುತ್ತಿದ್ದರು. ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗೆ ಬಾಡಿಸಿ, ಏಲ್ ಎಂಬ ಕಂದು ಬಿಯರು ಸುರಿದು, ಕೊನೆಗೆ ಚೀಸ್. ಅಡುಗೆಯ ಪಾಪಕ್ಕ ಈರುಳ್ಳಿ ಹೆಚ್ಚಿಕೊಟ್ಟು ದೂರ ನಿಲ್ಲುತ್ತಿದ್ದಳು. ಅವಳ ಗಂಡ ಕುಡಿದು ಕುಡಿದೇ ಸತ್ತಿದ್ದ. ಅಂಥದ್ದರ ಒಂದು ಹನಿಯನ್ನೂ ನಾಲಿಗೆಗೆ ತಾಕಿಸುವುದಿಲ್ಲವೆಂದು ಊರದೇವತೆ ಗಂಗಮ್ಮನ ಮುಂದೆ ಆಣೆಯಿಟ್ಟಿದ್ದಳು.

ಒಮ್ಮೆ ಮಿಸ್ಸಮ್ಮ ಹಾಸಿಗೆ ಹಿಡಿದರು. ಗಂಜಿ ಬೇಡ, ಹಾಲೂ ಬೇಡ. ಹೊಟ್ಟೆಗೆ ಏನೂ ಹೋಗದಿದ್ದರೆ ಉಳಿಯುವುದಿಲ್ಲ ಎಂದರು ಡಾಕ್ಟರು.

"ಆ ಸೂಪು ಮಾಡ್ಕೊಡೇ ಪಾಪಕ್ಕ," ಎಂದರು ಮಿಸ್ಸಮ್ಮ.

ಪಾಪಕ್ಕ ಮೂಗಿಗೆ ಸೆರಗು ಒತ್ತಿಕೊಂಡು ಬಿಯರು ಸುರಿದಳು. ಚೀಸ್ ಹಾಕಿ, ಸಾರಿಗೆ ಹೇಳುವ ಹಾಗೆಯೇ, "ಒಂದು ಕುದಿ ಬರ್ಲಿ" ಎಂದಳು. ನಾನೋ ಅದಕ್ಕೇ ಕಾದಿದ್ದೆ! ಕೊತಕೊತ ಕುದಿದೆ. ಚೀಸ್ ಒಡೆದು ಗಂಟುಗಂಟಾಯಿತು. ಮಿಸ್ಸಮ್ಮ ಒಂದು ಚಮಚ ಬಾಯಿಗಿಟ್ಟು ಬಟ್ಟಲು ತಳ್ಳಿದರು.

"ಚೀಸ್ ಹಾಕಿದ್ಮೇಲೆ ಕುದಿಸ್ಬಾರ್ದು ಕಣೇ. ಕಹಿ ಬೇರೆ. ರುಚಿ ನೋಡ್ಲಿಲ್ವಾ?"

ಪಾಪಕ್ಕ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ನಡೆದಳು.

ಮರುದಿನ ಮತ್ತೆ ಒಲೆ. ಮೂಸಿ ನೋಡಿದರೆ ಕಹಿ ಎಲ್ಲಿ ತಿಳಿಯುತ್ತದೆ? ಅವಳು ಸೌಟು ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಅಯ್ಯೋ, ರುಚಿ ನೋಡಬಾರದೇ ತಾಯಿ, ಆ ಜೀವ ಕಾಯುತ್ತಿದೆ! ನನಗೆ ತಡೆಯಲಾಗಲಿಲ್ಲ. ಕೊನೆಗೆ, "ತಪ್ಪಾಯ್ತು ಗಂಗಮ್ಮಾ," ಎಂದು ಕೆನ್ನೆ ಬಡಿದುಕೊಂಡು ನಾಲಿಗೆಗೆ ಹಚ್ಚಿಕೊಂಡಳು. ಮುಖ ಕಿವುಚಿದಳು. ಬೆಲ್ಲದ ಚೂರು ಹಾಕಿ ಮತ್ತೆ ನೋಡಿದಳು. ನನ್ನನ್ನು ಕೆಳಗಿಳಿಸಿದ ಮೇಲೆಯೇ ಚೀಸ್ ಉದುರಿಸಿದಳು.

ಮಿಸ್ಸಮ್ಮ ಬಟ್ಟಲು ಬರಿದು ಮಾಡಿದರು. ಆಮೇಲೆ ಏನೋ ನೆನಪಾಗಿ ಅವಳ ಮುಖ ನೋಡಿ, "ನಿನ್ನ ಆಣೆ?" ಎಂದರು.

"ಓದ್ರೆ ಓಗ್ಲಿ ಬುಡಿ ಮಿಸ್ಸಮ್ಮ. ಇನ್ನೊಂದು ಸೌಟು ಆಕ್ಲಾ?"

ಮಿಸ್ಸಮ್ಮ ಮತ್ತೂ ಕೆಲವು ಕ್ರಿಸ್‌ಮಸ್ ಕಂಡು ತೀರಿಹೋದರು. ಈಗ ನಾನು ಪಾಪಕ್ಕನ ಹಿತ್ತಿಲಲ್ಲಿ, ಒಂದು ಹಿಡಿ ಮುರಿದುಕೊಂಡು ಬಿದ್ದಿದ್ದೇನೆ. ಬೇಸರ, ಹೇಳತೀರದ ಬೇಸರ! ಆದರೆ ಕ್ರಿಸ್‌ಮಸ್ ಬಂದರೆ ಅವಳು ಬೂದಿ ಹಾಕಿ ತಿಕ್ಕಿ ನನ್ನನ್ನು ಒಲೆಗೇರಿಸುತ್ತಾಳೆ. ಕುದಿಯಲು ಜೀವ ಹಾತೊರೆಯುವಾಗಲೇ ಕೆಳಗಿಳಿಸಿ, ಚೀಸ್ ಹಾಕಿ, ಗಂಗಮ್ಮನಿಗೊಮ್ಮೆ ಕೈಮುಗಿದು, ಒಬ್ಬಳೇ ಕೂತು ಒಂದು ಬಟ್ಟಲು ಕುಡಿಯುತ್ತಾಳೆ. ಆಗ ನಾನೂ ಸುಮ್ಮನೆ ಕೂರುತ್ತೇನೆ.